ಸೀರೆ ಉಟ್ಟ ಗೋಡೆ

ಇವತ್ತು ಬೆಳಿಗ್ಗೆ ಅನ್ನಕ್ಕಿಟ್ಟಿದ್ದ ಪಾತ್ರೆ ಉಕ್ಕಿ ಗಂಜಿ ಒಲೆಯ ಮೇಲೆಲ್ಲ ಹರಿಯಿತು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿ ನಾಲ್ಕು ದಿನವಾಗಿದೆ. ಮೆಲ್ಬರ್ನ್ ಅಂಚಿನ ವಿಂಡಮ್ ವೇಲ್‌ನಂಥ ಹೊಸ ಬಡಾವಣೆಯಲ್ಲಿ ಅದನ್ನು ಹುಡುಕಿ ತರುವಷ್ಟರಲ್ಲಿ ಒಂದು ಶನಿವಾರವೇ ಮುಗಿದುಹೋಗುತ್ತದೆ, ಹಾಗಾಗಿ ಅಮ್ಮನ ಕಾಲದವರಂತೆ ಪಾತ್ರೆಯಲ್ಲಿ ಅನ್ನ ಬೇಯಿಸಿ ಬಸಿಯುತ್ತಿದ್ದೇನೆ. ಉಕ್ಕಿದಾಗ ನಾನು ಅನ್ನ ನೋಡಲಿಲ್ಲ, ಬಟ್ಟೆ ಹಿಡಿದು ಒಲೆ ಒರೆಸಲು ಓಡಿದೆ. ಹೊಸ ಮನೆ ನೋಡಿ, ಗೃಹಪ್ರವೇಶವಾಗಿ ಇನ್ನೂ ಮೂರು ತಿಂಗಳು. ಈ ಮನೆಯಲ್ಲಿ ನಾನು ಬದುಕುವುದಕ್ಕಿಂತ ಒರೆಸುವುದೇ ಹೆಚ್ಚು ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ.

ಒರೆಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಂತು. ಬಿಸಿ ಗಂಜಿಯ ವಾಸನೆ ನಿಮಗೂ ಗೊತ್ತಿರುತ್ತದೆ, ಹೇಳಿಕೊಳ್ಳುವಂಥ ಪರಿಮಳವೇನೂ ಅಲ್ಲ. ಹೆಚ್ಚಿನವರಿಗೆ ಅದು ಜ್ವರ ಬಿಟ್ಟ ದಿನವನ್ನೋ ಅಜ್ಜಿಯ ಅಡುಗೆಮನೆಯನ್ನೋ ನೆನಪಿಸೀತು. ನನಗೆ ಮಾತ್ರ ಗಂಜಿಯ ವಾಸನೆ ಬಂದರೆ ಗೋಡೆ ನೆನಪಾಗುತ್ತದೆ. ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ನಾವಿದ್ದ ಬಾಡಿಗೆ ಯೂನಿಟ್ಟಿನ ಗೋಡೆ, ಮತ್ತೆ ಆ ಗೋಡೆಗೆ ಸೀರೆ ಉಡಿಸಿದ ಶಶಿಯಕ್ಕ.

ಶಶಿಯಕ್ಕನ ವಿಷಯಕ್ಕೆ ಬರುವ ಮೊದಲು ನನ್ನ ಇವತ್ತಿನ ಸಂಕಟವನ್ನು ಹೇಳಿಬಿಡುತ್ತೇನೆ. ನನಗೆ ಆರು ವರ್ಷದ ಮಗಳಿದ್ದಾಳೆ, ದಿಶಾ. ಈ ಮನೆಯಲ್ಲಿ ಅವಳಿಗೆ ಅಂತಲೇ ಒಂದು ಕೋಣೆ ಮಾಡಿಸಿದ್ದೇವೆ. ಹನ್ನೊಂದು ಬಗೆಯ ಬಿಳಿ ಬಣ್ಣ ನೋಡಿ ಆರಿಸಿದ ಬಿಳಿಯ ಗೋಡೆ, ಕೆನೆ ಬಣ್ಣದ ಕಾರ್ಪೆಟ್, ಕೆಟಲಾಗಿನಲ್ಲಿ ಇದ್ದಂತೆಯೇ ಇರುವ ಮಂಚ. ಅಷ್ಟೆಲ್ಲ ಇದ್ದರೂ ಪ್ರತಿ ಸಂಜೆ ಊಟವಾದ ಮೇಲೆ ಆ ಮಗು ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. "ಮಮ್, ವೆನ್ ಆರ್ ವಿ ಗೋಯಿಂಗ್ ಹೋಮ್?" ಅನ್ನುತ್ತದೆ. ಹೋಮ್ ಅಂದರೆ ಕ್ಲೇಟನ್‌ನಲ್ಲಿ ನಾವಿದ್ದ ಬಾಡಿಗೆ ಮನೆ. ನಲ್ಲಿ ಸೋರುತ್ತಿದ್ದ, ಬಾಗಿಲು ಕಿರುಗುಡುತ್ತಿದ್ದ ಮನೆ. "ಇದೇ ಕಣೇ ನಮ್ಮನೆ" ಅಂದರೆ ತಲೆ ಅಲ್ಲಾಡಿಸುತ್ತಾಳೆ. ನಿನ್ನೆ ಸಂಜೆಯೂ ಹಾಗೇ ಆಯಿತು. ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬೆಳಗಿನವರೆಗೂ ಅದನ್ನೇ ಯೋಚಿಸಿದೆ.

ಈಗ ಹ್ಯಾರಿಸ್ ಪಾರ್ಕ್‌ಗೆ ಬನ್ನಿ. ಏಳು ವರ್ಷ ಹಿಂದಿನ ಮಾತು. ಆಗ ನಾವು ಇನ್ನೂ ಹೊಸಬರು. ನನ್ನ ಗಂಡ ಓದುತ್ತಿದ್ದರು, ನಾನು ಒಂದು ಕಾಲ್ ಸೆಂಟರಿನಲ್ಲಿ ಬೈಸಿಕೊಳ್ಳುವ ಕೆಲಸದಲ್ಲಿದ್ದೆ. ಎರಡು ಬೆಡ್‌ರೂಮಿನ ಯೂನಿಟ್ಟಿನಲ್ಲಿ ಒಂದು ನಮಗೆ, ಇನ್ನೊಂದು ಉಡುಪಿ ಕಡೆಯ ಜಗದೀಶಣ್ಣ, ಶಶಿಯಕ್ಕ ದಂಪತಿಗೆ. ಅವರು ಮನೆಯಲ್ಲಿ ಮಾತಾಡುತ್ತಿದ್ದುದು ತುಳು, ನನ್ನ ಜೊತೆ ಉಡುಪಿ ಕನ್ನಡ. ತುಮಕೂರಿನ ನನ್ನ ಕನ್ನಡ ಕೇಳಿ ಶಶಿಯಕ್ಕ, "ನೀನು ಮಾತಾಡಿದ್ರೆ ಬೈದ ಹಾಗೆ ಕೇಳ್ತದೆ ಮಾರಾಯ್ತಿ" ಅನ್ನುತ್ತಿದ್ದಳು. ನಾನು "ನೀವು ಬೈದ್ರೆ ಕೂಡ ಹಾಡು ಹೇಳಿದ ಹಾಗೆ ಇರತ್ತೆ, ಯಾರಿಗೂ ಹೆದರಿಕೆನೇ ಆಗಲ್ಲ" ಅನ್ನುತ್ತಿದ್ದೆ.

ಆ ಯೂನಿಟ್ಟಿಗೆ ಒಂದು ಶಾಸನವಿತ್ತು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಅಂಟು ಟೇಪು ಹಚ್ಚುವ ಹಾಗಿಲ್ಲ, ಕಾರ್ಪೆಟ್ಟಿನ ಮೇಲೆ ಕಲೆ ಬೀಳುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಏಜೆಂಟ್ ಕಡೆಯಿಂದ ಒಬ್ಬಳು ಹೆಂಗಸು ಇನ್‌ಸ್ಪೆಕ್ಷನ್‌ಗೆ ಬರುತ್ತಿದ್ದಳು. ಅವಳ ಹೆಸರು ಕೊನೆಯವರೆಗೂ ನಮಗೆ ಗೊತ್ತಾಗಲಿಲ್ಲ, ನಮ್ಮ ಬಾಯಲ್ಲಿ ಅವಳು ಇನ್‌ಸ್ಪೆಕ್ಷನ್ ಲೇಡಿ. ಅವಳು ಬರುವ ವಾರ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್. ಇಡೀ ವಾರ ಮೊಸರನ್ನ ತಿಂದು, ಓವನ್ ಉಜ್ಜಿ, ಕನ್ನಡಿ ಉಜ್ಜಿ, ತಪ್ಪು ಮಾಡಿದ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತಿದ್ದೆವು.

ನಾನು ಆ ಕಾಲದಲ್ಲಿ ಕೆಟಲಾಗ್ ಪ್ರೇಮಿ. ಅಂಚೆ ಡಬ್ಬಿಗೆ ಪುಕ್ಕಟೆ ಬಂದು ಬೀಳುತ್ತಿದ್ದ ಫರ್ನಿಚರ್ ಕೆಟಲಾಗುಗಳನ್ನು ಹಾಸಿಗೆಯ ಕೆಳಗೆ ಕೂಡಿಟ್ಟುಕೊಂಡು, ಮಧ್ಯಾಹ್ನದ ಬಿಸಿಲಲ್ಲಿ ಕಾಲು ಚಾಚಿಕೊಂಡು ಒಂದೊಂದು ಪುಟವನ್ನೂ ನಿಧಾನವಾಗಿ ತಿರುವಿ, ಇಲ್ಲದ ಮನೆಯ ಇಲ್ಲದ ಹಾಲಿನಲ್ಲಿ ಸೋಫಾ ಇಡುತ್ತಿದ್ದೆ, ತೆಗೆಯುತ್ತಿದ್ದೆ. ಕಿಟಕಿಯಾಚೆ ಪ್ಯಾರಮಟ್ಟಾ ಕಡೆಯ ಟ್ರೇನು ಹಾದುಹೋದಾಗ ಗಾಜು ಮೆಲ್ಲಗೆ ನಡುಗುತ್ತಿತ್ತು, ನನ್ನ ಕನಸಿನ ಹಾಲ್ ಕರಗಿಹೋಗುತ್ತಿತ್ತು. ಶಶಿಯಕ್ಕನಿಗೂ ಆ ಕೆಟಲಾಗುಗಳು ಬೇಕಾಗಿದ್ದವು, ಕತ್ತರಿಸುವುದಕ್ಕೆ. ದೀಪಾವಳಿಗೆ ಅವುಗಳ ಬಣ್ಣದ ಹಾಳೆ ಕತ್ತರಿಸಿ, ಮುರಿದ ಬಟ್ಟೆ ಸ್ಟ್ಯಾಂಡಿನ ಕಡ್ಡಿಗಳಿಂದ ಗೂಡುದೀಪ ಮಾಡಿ, ಮೊಳೆ ಇಲ್ಲವಲ್ಲ, ಪರದೆಯ ರಾಡಿಗೆ ತೂಗುಹಾಕಿದಳು. ನಾನು ಕನಸು ಕಾಣುತ್ತಿದ್ದ ಚರ್ಮದ ಸೋಫಾ ಗೂಡುದೀಪದ ಒಂದು ಮಗ್ಗುಲಾಗಿ ಗಾಳಿಯಲ್ಲಿ ತಿರುಗುತ್ತಿತ್ತು.

ಕೌನ್ಸಿಲ್ ಕ್ಲೀನ್‌ಅಪ್ ಅಂತ ಇಲ್ಲಿ ಒಂದು ಪದ್ಧತಿ. ಜನ ತಮಗೆ ಬೇಡವಾದ ಸಾಮಾನನ್ನು ಮನೆಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ, ಲಾರಿ ಬರುವ ಮೊದಲು ಯಾರಿಗೆ ಬೇಕೋ ಅವರು ಎತ್ತಿಕೊಂಡು ಹೋಗಬಹುದು. ಶಶಿಯಕ್ಕನಿಗೆ ಅದು ಜಾತ್ರೆ. ವೃದ್ಧಾಶ್ರಮವೊಂದರ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಶಿಫ್ಟ್ ಮುಗಿಸಿ ಬರುವಾಗ ಒಮ್ಮೆ ದೀಪದ ಬುರುಡೆ, ಒಮ್ಮೆ ಮೂರು ಕಾಲಿನ ಸ್ಟೂಲು ಹೊತ್ತು ತರುತ್ತಿದ್ದಳು. ಒಂದು ಸಲ ಆಳೆತ್ತರದ ವಾರ್ಡ್‌ರೋಬನ್ನು ನನ್ನ ಗಂಡ ಮತ್ತು ಜಗದೀಶಣ್ಣ ಇಬ್ಬರೂ ಸೇರಿ ಬೀದಿಯುದ್ದಕ್ಕೂ ಹೊತ್ತು ತರಬೇಕಾಯಿತು. ನಾನು ಇನ್ನೊಂದು ಫುಟ್‌ಪಾತ್‌ನಲ್ಲಿ, ಅವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ನಡೆದುಬಂದೆ. ಮನೆಗೆ ಬಂದು ಶಶಿಯಕ್ಕನಿಗೆ ಹೇಳಿಯೂ ಬಿಟ್ಟೆ, "ಅಲ್ಲ ಶಶಿಯಕ್ಕ, ಕಂಡೋರು ಬಿಸಾಕಿದ್ದನ್ನ ತರಕ್ಕೆ ನಾಚಿಕೆ ಆಗಲ್ವಾ?" ಅವಳು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ಬಿಸಾಡಿದವರಿಗೇ ನಾಚಿಕೆ ಇಲ್ಲ, ನಮಗೆಂತಕ್ಕೆ?" ಅಂದು ವಾರ್ಡ್‌ರೋಬ್ ಒರೆಸತೊಡಗಿದಳು.

ಅವಳ ಕೈಚಳಕದಲ್ಲೆಲ್ಲ ದೊಡ್ಡದು ಗಂಜಿ. ಊರಿಂದ ಬರುವಾಗ ಪಾತ್ರೆಗಳಿಗೆ ಸುತ್ತಿಕೊಂಡು ಬಂದಿದ್ದ ಹಳೆಯ ಹತ್ತಿ ಸೀರೆಗಳು ಅವಳ ಹತ್ತಿರ ಒಂದೆರಡಿದ್ದವು. ಕುಚ್ಚಲಕ್ಕಿಯ ದಪ್ಪ ಗಂಜಿ ಬಸಿದು, ಅದಕ್ಕೆ ಒಂದಿಷ್ಟು ಮೈದಾ ಕಲಸಿ ಕುದಿಸಿ, ಗೋಡೆಗೆ ಬಳಿದು, ಮೇಲೆ ಬಟ್ಟೆ ಹಾಸಿ ಅಂಗೈಯಲ್ಲಿ ಒತ್ತಿಬಿಟ್ಟರೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಗೋಡೆಗೆ ಬಟ್ಟೆ ಕಚ್ಚಿಕೊಳ್ಳುತ್ತಿತ್ತು. ಇನ್‌ಸ್ಪೆಕ್ಷನ್ ಬಂದಾಗ ಬೆಚ್ಚಗಿನ ನೀರಿನಲ್ಲಿ ಸ್ಪಂಜು ಅದ್ದಿ ಒತ್ತಿದರೆ ಸಾಕು, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡು ಬರುತ್ತಿತ್ತು. ಗೋಡೆಯ ಮೇಲೆ ಒಂದು ಗುರುತೂ ಇರುತ್ತಿರಲಿಲ್ಲ. ಟಿವಿಯ ಹಿಂದಿನ ಗೋಡೆಗೆ ಹೀಗೆ ಮಾಡಿದ್ದಳು. ನಾನು ಮೇಲುಮೇಲೆ ಗೇಲಿ ಮಾಡುತ್ತಿದ್ದೆ, ಒಳಗೊಳಗೇ ಆ ಗೋಡೆಗೆ ಒರಗಿಕೊಂಡು ಕಾಫಿ ಕುಡಿಯುವುದು ನನಗೆ ಇಷ್ಟವಾಗಿತ್ತು.

ಇಷ್ಟು ನಗುತ್ತ ಓಡಾಡುವ ಹೆಂಗಸು ಭಾನುವಾರ ಸಂಜೆ ಮಾತ್ರ ಬೇರೆಯಾಗುತ್ತಿದ್ದಳು. ಫೋನ್ ಕಾರ್ಡಿನ ಬೆಳ್ಳಿ ಪಟ್ಟಿ ಕೆರೆದು ನಂಬರ್ ಒತ್ತಿ ಊರಿಗೆ ಮಾತಾಡುವ ಹೊತ್ತು ಅದು. ಊರಲ್ಲಿ ಅವಳ ಮಗಳಿದ್ದಳು, ಶ್ರಾವ್ಯಾ. ಹತ್ತು ತಿಂಗಳ ಕೂಸನ್ನು ತನ್ನ ತಾಯಿಯ ಮಡಿಲಲ್ಲಿ ಬಿಟ್ಟು ಗಂಡನ ಜೊತೆ ಬಂದಿದ್ದಳು. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಸಿಕ್ಕ ಕೂಡಲೇ ಕರೆಸಿಕೊಳ್ಳುವುದು ಎಂದು ಅಂದುಕೊಂಡ ಆರು ತಿಂಗಳು ಎರಡು ವರ್ಷದ ಮೇಲಾಗಿತ್ತು. ಮಗುವಿಗೆ ಅಮ್ಮ ಎಂದರೆ ಫೋನಿನೊಳಗೆ ಇರುವ ದನಿ. ಅದಕ್ಕೆ ಅದು ಇಟ್ಟ ಹೆಸರೇ ಫೋನ್ ಅಮ್ಮ. ಫೋನ್ ಇಟ್ಟ ಮೇಲೆ ಶಶಿಯಕ್ಕ ಸುಮ್ಮನೆ ಬಟ್ಟೆ ಮಡಚುತ್ತ ಕೂರುತ್ತಿದ್ದಳು, ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು. ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದಳು, "ನಂಗೆ ಹೆದರಿಕೆ ಆಗ್ತದೆ. ಅದು ಬಂದು ನನ್ನನ್ನು ನೋಡಿ ಗುರ್ತ ಇಲ್ಲ ಅಂದ್ರೆ ಎಂತ ಮಾಡುದು?" ನಾನು, "ಹೆತ್ತಮ್ಮನ ಗುರ್ತು ಸಿಗದೆ ಇರತ್ತಾ, ಬಿಡಿ" ಅಂದೆ. ಆಗ ನನಗೆ ಮಕ್ಕಳಿರಲಿಲ್ಲ, ಹಾಗಾಗಿ ಮಕ್ಕಳ ವಿಷಯದಲ್ಲಿ ಎಲ್ಲ ಗೊತ್ತಿತ್ತು.

ಪಿಆರ್ ಬಂತು. ಜಗದೀಶಣ್ಣ ಮಗುವನ್ನು ಕರೆತರಲು ಊರಿಗೆ ಹೋದರು. ಅಜ್ಜಿ ಫೋನಿನಲ್ಲಿ ಹೇಳಿದರಂತೆ, ಇದಕ್ಕೆ ಮಲಗಲು ನನ್ನ ಸೆರಗಿನ ತುದಿ ಬೇಕು, ಅದನ್ನು ಹಿಡಿದುಕೊಳ್ಳದೆ ಕಣ್ಣು ಮುಚ್ಚುವುದಿಲ್ಲ ಎಂದು. ಶಶಿಯಕ್ಕ ಅವತ್ತೇ ಸೂಟ್‌ಕೇಸಿನ ತಳದಿಂದ ಒಂದು ಸೀರೆ ತೆಗೆದಳು. ಮಾಸಿದ ಹಳದಿ ಮೈ, ಕಾಫಿ ಬಣ್ಣದ ಅಂಚು, ಅಜ್ಜಿ ವರ್ಷಗಟ್ಟಲೆ ಉಟ್ಟು ಮೆತ್ತಗಾದ ಸೀರೆ. "ಮೂಲೆಯಲ್ಲಿ ಅದರ ಮಂಚ ಹಾಕುದು. ಎರಡೂ ಗೋಡೆಗೆ ಸುತ್ತ ಸೀರೆ ಉಡಿಸುದು. ಯಾವ ಬದಿಗೆ ಹೊರಳಿದ್ರೂ ಅಜ್ಜಿ ಸಿಗ್ಬೇಕು" ಅಂದಳು. ನಾನು ನಗಲಿಲ್ಲ. ಆ ಒಂದು ಗೋಡೆಗೆ ನನಗೂ ನಗು ಬರಲಿಲ್ಲ.

ಅವಳು ಶಿಫ್ಟ್‌ನಿಂದ ಬರುವಷ್ಟರಲ್ಲಿ ಗಂಜಿ ಕಾಸಿಡುವ ಕೆಲಸ ನನ್ನದಾಯಿತು. ನಮ್ಮ ಆ ಯೂನಿಟ್ಟಿನಲ್ಲಿ ಇರುವೆ ಕಾಟ ಬಹಳ. ಮಗು ಮಲಗುವ ಜಾಗ, ಗೋಡೆ ತುಂಬ ಅನ್ನದ ಅಂಟು, ಇರುವೆ ಬಾರದೆ ಇರುತ್ತದೆಯೇ? ತುಮಕೂರಿನಲ್ಲಿ ನಮ್ಮಮ್ಮ ಇರುವೆ ಸಾಲಿಗೆಲ್ಲ ಅರಿಸಿನ ಉದುರಿಸುತ್ತಿದ್ದುದು ನೆನಪಾಗಿ, ಭಾರೀ ಜಾಣೆಯ ಹಾಗೆ ಎರಡು ಚಮಚ ಅರಿಸಿನಪುಡಿ ಹಾಕಿ ಕಲಕಿಬಿಟ್ಟೆ. ಸಂಜೆ ಬಲ್ಬಿನ ಹಳದಿ ಬೆಳಕಿನಲ್ಲಿ ನಾನು ಮುಂದೆ ಮುಂದೆ ಗೋಡೆಗೆ ಬಳಿಯುತ್ತ ಹೋದೆ, ಶಶಿಯಕ್ಕ ಹಿಂದಿನಿಂದ ಹಳದಿ ಸೀರೆ ಹಾಸುತ್ತ ಬಂದಳು. ಅರಿಸಿನ ಹಾಕಿದ್ದು ಹೇಳಲು ನನಗೆ ನೆನಪೂ ಆಗಲಿಲ್ಲ. ಕೊನೆಯಲ್ಲಿ ಮಂಚದ ತಲೆಭಾಗದ ಹತ್ತಿರ ಒಂದು ಗೇಣಿನಷ್ಟು ಅಂಚನ್ನು ಅಂಟಿಸದೆ ಸಡಿಲ ಬಿಟ್ಟಳು. "ಇದು ಸೆರಗು" ಅಂದಳು. ಇಬ್ಬರೂ ಕೈಯೆಲ್ಲ ಗಂಜಿ ಮಾಡಿಕೊಂಡು, ಕಾರ್ಪೆಟ್ಟಿಗೆ ಹಾಸಿದ್ದ ಪೇಪರಿನ ಮೇಲೆ ಕೂತು ಆ ಗೋಡೆಯನ್ನು ನೋಡಿದೆವು. ಕೋಣೆಯೇ ಸೀರೆ ಉಟ್ಟುಕೊಂಡು ಯಾರಿಗೋ ಕಾಯುತ್ತ ಕೂತಂತಿತ್ತು.

ಮಗು ಬಂತು. ಏರ್‌ಪೋರ್ಟಿನಲ್ಲಿ ಅಪ್ಪನ ಕುತ್ತಿಗೆ ಬಿಡಲಿಲ್ಲ. ಹತ್ತು ದಿನದ ಪರಿಚಯವಾದರೂ ಅಪ್ಪ ಪರಿಚಯದವನು. ಶಶಿಯಕ್ಕ ಎರಡೂ ಕೈ ಚಾಚಿ ತುಳುವಿನಲ್ಲಿ "ಬಲ ಮಗಾ, ಬಲ" ಎಂದು ಕರೆದಳು. ಮಗು ಅವಳನ್ನು, ಮತ್ತೆ ನನ್ನನ್ನು ನೋಡಿ, ಊರಲ್ಲಿ ಕಲಿಸಿದ್ದ ಮರ್ಯಾದೆಯಲ್ಲಿ ಇಬ್ಬರಿಗೂ ಒಟ್ಟಿಗೆ "ನಮಸ್ತೆ ಆಂಟಿ" ಅಂದಿತು. ಶಶಿಯಕ್ಕ ನಕ್ಕಳು. ಆ ನಗು ನೋಡಲಾರದೆ ನಾನು ಟ್ರಾಲಿ ಹುಡುಕಲು ಹೋದೆ.

ಆಮೇಲಿನ ದಿನಗಳಲ್ಲಿ ಮಗು ಎಲ್ಲರ ಜೊತೆ ಆಡಿತು, ಶಶಿಯಕ್ಕನ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಆಸೆಯಿಂದ ನೋಡುವವರನ್ನು ಕಂಡರೆ ಮಕ್ಕಳಿಗೆ ಭಯವೋ ಏನೋ. ಒಂದು ದಿನ ಶಶಿಯಕ್ಕ ಅಡುಗೆಮನೆಯಲ್ಲಿ ಅವಿತುಕೊಂಡು ಮೊಬೈಲಿನಿಂದ ನಮ್ಮದೇ ಹಾಲಿನ ಫೋನಿಗೆ ಕರೆ ಮಾಡಿದಳು. ಮಗು ಓಡಿಹೋಗಿ ಫೋನ್ ಹಿಡಿದು "ಫೋನ್ ಅಮ್ಮ!" ಎಂದು ಕುಣಿಯಿತು. ಕಾಲು ಗಂಟೆ ತುಳುವಿನಲ್ಲಿ ಚಿಲಿಪಿಲಿ. ನನಗೆ ಅರ್ಥವಾಗಲಿಲ್ಲ, ಆಮೇಲೆ ಜಗದೀಶಣ್ಣ ಹೇಳಿದರು. ಇಲ್ಲಿ ಒಬ್ಬಳು ಆಂಟಿ ಇದ್ದಾಳೆ, ನನ್ನನ್ನೇ ನೋಡುತ್ತಿರುತ್ತಾಳೆ, ನೀನು ಬೇಗ ಬಾ ಎಂದು ಮಗು ದೂರು ಹೇಳಿತಂತೆ. ಅಡುಗೆಮನೆಯಲ್ಲಿ ಶಶಿಯಕ್ಕ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮಲಗುವ ಹೊತ್ತಿಗೆ ಮಾತ್ರ ಗೋಡೆ ಕೆಲಸಕ್ಕೆ ಬಂತು. ಮೊದಲ ದಿನವೇ ಮಗು ಆ ಸಡಿಲ ಅಂಚನ್ನು ಕಂಡುಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕೆನ್ನೆಯನ್ನು ಗೋಡೆಗೆ ಒತ್ತಿಕೊಂಡು ಮಲಗಿತು. ಶಶಿಯಕ್ಕ ಕೆಳಗೆ ಕಾರ್ಪೆಟ್ಟಿನ ಮೇಲೆ ಮಲಗುತ್ತಿದ್ದಳು. ಮಗಳು ಅಜ್ಜಿಯ ಕಡೆಗೆ, ಅವಳು ಮಗಳ ಬೆನ್ನಿನ ಕಡೆಗೆ ಮುಖ ಮಾಡಿ.

ಹತ್ತೋ ಹನ್ನೊಂದೋ ದಿನ ಹೀಗೆ ಕಳೆದ ಮೇಲೆ ಇನ್‌ಸ್ಪೆಕ್ಷನ್ ಪತ್ರ ಬಂತು. ಸೋಮವಾರ ಬೆಳಿಗ್ಗೆ. ಗೋಡೆ ಬಿಚ್ಚಲೇಬೇಕು. "ಒಂದು ದಿನ ತಾನೇ, ಒಣಗಿಸಿ ಮಂಗಳವಾರ ಮತ್ತೆ ಅಂಟಿಸೋಣ" ಎಂದು ನಾನು ಸಮಾಧಾನ ಹೇಳಿದೆ. ಭಾನುವಾರ ಊಟವಾದ ಮೇಲೆ ಮಗು ಹಾಲಿನಲ್ಲಿ ನಿದ್ದೆ ಹೋಯಿತು. ಗಂಡಸರಿಬ್ಬರೂ ಹ್ಯಾರಿಸ್ ಪಾರ್ಕ್‌ನ ಅಂಗಡಿಗಳಿಗೆ ಹೋಗಿದ್ದರು. ನಾವಿಬ್ಬರೂ ಬಕೆಟ್ಟು ಸ್ಪಂಜು ತಗೊಂಡು ಕೋಣೆ ಸೇರಿದೆವು.

ಸೀರೆ ಏನೋ ಸಲೀಸಾಗಿ ಬಿಟ್ಟುಕೊಂಡು ಬಂತು. ಬರುತ್ತ ಬರುತ್ತ ಹಿಂದಿನ ಗೋಡೆ ಕಂಡಿತು. ಅಯ್ಯೋ ದೇವರೇ! ಗೋಡೆಗೆ ಗೋಡೆಯೇ ಮದುಮಗಳ ಮುಖದ ಹಾಗೆ ಹಳದಿ. ಗಂಜಿಗೆ ಹಾಕಿದ ಅರಿಸಿನ ನನಗೆ ಆಗ ನೆನಪಾಯಿತು. ಶಶಿಯಕ್ಕ, "ಸೀರೆ ಬಣ್ಣ ಬಿಡ್ತು ಮಾರಾಯ್ತಿ" ಅಂದಳು. ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. "ಸೋಪು ಹಾಕಿ ಉಜ್ಜೋಣ" ಅಂದೆ. ಉಜ್ಜಿದೆವು. ಉಜ್ಜಿದಷ್ಟು ಜಾಗ ಹಳದಿ ಹೋಗಿ ಕೆಂಪಾಯಿತು. ಈಗ ಗೋಡೆಯ ಮೇಲೆ ಅರಿಸಿನವೂ ಇತ್ತು, ಕುಂಕುಮವೂ ಇತ್ತು. ನಾಳೆ ಇನ್‌ಸ್ಪೆಕ್ಷನ್ ಲೇಡಿ ಬಂದರೆ ತಾಂಬೂಲ ಕೊಟ್ಟು ಕಳಿಸುವುದೊಂದು ಬಾಕಿ.

ಅಷ್ಟರಲ್ಲಿ ಬಾಗಿಲಲ್ಲಿ ಶ್ರಾವ್ಯಾ. ನಿದ್ದೆಗಣ್ಣಿನಲ್ಲಿ ಬರೀ ಗೋಡೆಯನ್ನು ನೋಡಿತು. "ಅಜ್ಜಿ ಓಲು?" ಅಂದಿತು. ಅಜ್ಜಿ ಎಲ್ಲಿ ಅಂತ. ಅಷ್ಟು ತುಳು ನನಗೂ ಅರ್ಥವಾಗುತ್ತಿತ್ತು. ಆಮೇಲೆ ಜೋರಾಗಿ ಅಳು. ವಿಮಾನದಲ್ಲಿ ಅಳದ, ಏರ್‌ಪೋರ್ಟಿನಲ್ಲಿ ಅಳದ ಮಗು ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಿತು. ಶಶಿಯಕ್ಕ ಸೀರೆಯ ಒದ್ದೆ ಮುದ್ದೆಯನ್ನು ಎತ್ತಿಕೊಂಡು ಅದರ ಕಡೆಗೆ ಧಾವಿಸಿದಳು. ಹಳದಿ ನೀರು ತೊಟತೊಟ ಸುರಿಯುತ್ತಿತ್ತು. ಗೋಡೆಯ ಬುಡಕ್ಕೆ ಹಾಸಿದ್ದ ಪೇಪರು ದಾಟಿದರೆ ಕೆಳಗೆ ಕಾರ್ಪೆಟ್ಟು. ನಾಚಿಕೆಗೇಡು, ಆ ಹೊತ್ತಿನಲ್ಲೂ ನಾನು ಕಿರುಚಿದ್ದು ಏನು ಗೊತ್ತೇ? "ಕಾರ್ಪೆಟ್! ಶಶಿಯಕ್ಕ, ಕಾರ್ಪೆಟ್!"

ಶಶಿಯಕ್ಕ ಗಕ್ಕನೆ ನಿಂತಳು. ಇಡಲು ಜಾಗವಿಲ್ಲ, ಬಕೆಟ್ಟು ದೂರ. ಏನು ತೋಚಿತೋ, ಹಾಕಿಕೊಂಡಿದ್ದ ಟ್ರ್ಯಾಕ್ ಪ್ಯಾಂಟಿನ ಮೇಲೇ ಆ ಒದ್ದೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಸುತ್ತು ಸುತ್ತಿ, ನೆರಿಗೆ ಹಿಡಿದು, ಸೆರಗನ್ನು ಹೆಗಲಿಗೆ ಎಳೆದುಕೊಂಡುಬಿಟ್ಟಳು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಕಾರ್ಪೆಟ್ ಉಳಿಯಲಿ ಎಂದು ತಾನೇ ಗೋಡೆಯಾಗಿ ನಿಂತಳು.

ಮಗುವಿನ ಅಳು ನಿಂತಿತು. ಬಿಕ್ಕುತ್ತ ಅವಳನ್ನೇ ನೋಡಿತು. ಮೆಲ್ಲಗೆ ಬಂದು, ಮುಖ ನೋಡದೆ, ಇಳಿಬಿದ್ದ ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಿತು. ಗೋಡೆಗೆ ಒತ್ತಿಕೊಳ್ಳುತ್ತಿದ್ದ ಕೆನ್ನೆಯನ್ನು ಅವಳ ಮೊಣಕಾಲಿಗೆ ಒತ್ತಿಕೊಂಡಿತು. ಶಶಿಯಕ್ಕ ಉಸಿರಾಡಲೂ ಹೆದರಿದವಳಂತೆ ಇಷ್ಟಿಷ್ಟೇ ಬಗ್ಗಿ, ಹಾಸಿದ್ದ ಪೇಪರಿನ ಮೇಲೆ ಕೂತಳು. ಮಗು ಮಡಿಲಿಗೆ ಬಂತು. ಒದ್ದೆ ಸೀರೆ, ಗಂಜಿಯ ವಾಸನೆ, ಕಿಟಕಿಯಿಂದ ಬರುತ್ತಿದ್ದ ಇಳಿಬಿಸಿಲು. ಎಲ್ಲೋ ದೂರದಲ್ಲಿ ಟ್ರೇನು ಹೋಗುವ ಸದ್ದು. ಶಶಿಯಕ್ಕ ಫೋನಿನಲ್ಲಿ ವಾರ ವಾರ ಆಡುತ್ತಿದ್ದ ಅದೇ ಮಾತುಗಳನ್ನು ಪಿಸುದನಿಯಲ್ಲಿ ಆಡತೊಡಗಿದಳು. ಮಗು ತಲೆಯೆತ್ತಿ, ಮೊದಲ ಸಲ ಅವಳ ಬಾಯಿಯನ್ನು ನೋಡಿತು, ಆ ದನಿ ಅಲ್ಲಿಂದಲೇ ಬರುತ್ತಿದೆಯೇ ಎಂದು. ಬೆರಳಿನಿಂದ ತುಟಿ ಮುಟ್ಟಿತು. "ಫೋನ್ ಅಮ್ಮ?" ಅಂದಿತು.

"ಅಂದ್ ಮಗಾ" ಅಂದಳು ಶಶಿಯಕ್ಕ. ಹೌದು ಕಂದ ಅಂತ. ನಾನು ಒದ್ದೆ ಸ್ಪಂಜು ಹಿಡಿದುಕೊಂಡು ಗೋಡೆಯ ಕಡೆಗೆ ತಿರುಗಿ ನಿಂತು ಅತ್ತೆ.

ಇನ್‌ಸ್ಪೆಕ್ಷನ್ ಏನಾಯಿತು ಎನ್ನುತ್ತೀರಾ? ಏನೂ ಆಗಲಿಲ್ಲ. ಕೆಂಪುಹಳದಿಯ ಗೋಡೆಗೆ ಆ ನಾಚಿಕೆಗೆಟ್ಟ ವಾರ್ಡ್‌ರೋಬನ್ನು ತಳ್ಳಿದೆವು, ಇನ್ನೊಂದಕ್ಕೆ ಹಾಸಿಗೆ ಎತ್ತಿ ಒರಗಿಸಿದೆವು. ಲೇಡಿ ಬಂದಳು, ಓವನ್ ತೆರೆದು ನೋಡಿದಳು, ಐದು ನಿಮಿಷದಲ್ಲಿ ಹೊರಟುಹೋದಳು. ನನ್ನ ಗಂಡ ಮತ್ತು ಜಗದೀಶಣ್ಣ ಎರಡು ವಾರಾಂತ್ಯ ಕೂತು ಗೋಡೆಗೆ ಬಣ್ಣ ಹೊಡೆದರು. ಗೋಡೆಗೆ ಸೀರೆ ಉಡಿಸುವ ಅಗತ್ಯ ಮತ್ತೆ ಬೀಳಲಿಲ್ಲ. ಅರಿಸಿನದ ಗುಟ್ಟು ನನ್ನ ಹೊಟ್ಟೆಯಲ್ಲೇ ಉಳಿಯಿತು. ಬಣ್ಣ ಬಿಟ್ಟ ಸೀರೆಯನ್ನು ಜಗದೀಶಣ್ಣ ಬೈಯುವಾಗಲೆಲ್ಲ ನಾನು ತಲೆ ತಗ್ಗಿಸಿ ಚಹಾ ಸೋಸುತ್ತಿದ್ದೆ. ಮರುವರ್ಷ ನನ್ನ ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ನಾವು ಕ್ಲೇಟನ್‌ಗೆ ಬಂದೆವು, ದಿಶಾ ಹುಟ್ಟಿದಳು, ವರ್ಷಗಳು ಹೋದವು.

ಇವತ್ತು ಒಲೆ ಒರೆಸುವುದನ್ನು ಅರ್ಧಕ್ಕೇ ಬಿಟ್ಟು ಸಿಡ್ನಿಗೆ ಫೋನ್ ಮಾಡಿದೆ. ಎತ್ತಿದ್ದು ಶ್ರಾವ್ಯಾ, ಈಗ ಹತ್ತು ವರ್ಷದವಳು. "ಹಾಯ್ ಆಂಟಿ! ಅಮ್ಮಾ ಈಸ್ ಇನ್ ದ ಗಾರ್ಡನ್." ಹ್ಯಾರಿಸ್ ಪಾರ್ಕ್‌ನ ಸೀರೆ ಗೋಡೆ ನೆನಪಿದೆಯಾ ಪುಟ್ಟಿ ಎಂದು ಕೇಳಿದೆ. "ವಾಟ್ ವಾಲ್?" ಅಂದಳು. ಅವಳಿಗೆ ಏನೂ ನೆನಪಿರಲಿಲ್ಲ.

ಶಶಿಯಕ್ಕ ಬಂದಳು. ನಾನು ಕ್ಷೇಮ ಕೂಡ ವಿಚಾರಿಸದೆ, "ಶಶಿಯಕ್ಕ, ಅವತ್ತು ಗಂಜಿಗೆ ಅರಿಸಿನ ಹಾಕಿದ್ದು ನಾನು. ನಿಮ್ಮಮ್ಮನ ಸೀರೆದು ಏನೂ ತಪ್ಪಿರಲಿಲ್ಲ" ಎಂದುಬಿಟ್ಟೆ.

ಆ ಕಡೆಯಿಂದ ನಗು.

"ಸಾಬೂನು ತಾಗಿದ ಕೂಡ್ಲೇ ಕೆಂಪಾಗುದು ಅರಸಿನ ಅಂತ ನಂಗೆ ಗೊತ್ತಿಲ್ವಾ ಮಾರಾಯ್ತಿ? ನಾನೆಂತ ಅಡುಗೆ ಮಾಡಿದವಳಲ್ವಾ?"

"ಮತ್ತೆ ಹೇಳಲೇ ಇಲ್ವಲ್ಲ ನೀವು! ಏಳು ವರ್ಷ!"

"ಎಂತ ಹೇಳುದು? ಬೈಬೇಕು ಅಂತ ಬಾಯಿ ತೆರೀವಾಗ ಮಗು ಬಂತು. ಮತ್ತೆ ಅದು ಮಡಿಲಲ್ಲಿ ಕೂತಿತ್ತು. ನೀನು ಅರಸಿನ ಹಾಕದಿದ್ರೆ ನಾನು ಆ ಸೀರೆಯನ್ನು ಸುಮ್ಮನೆ ಕಾರ್ಪೆಟ್ ಮೇಲೆ ಹಾಕ್ತಿದ್ದೆ. ಉಡ್ತಿರ್ಲಿಲ್ಲ." ಆಮೇಲೆ, "ನಿನ್ನ ಸ್ವರ ಎಂತ ಹಾಗುಂಟು? ಅಲ್ಲಿ ಎಂತ ಆಯ್ತು?" ಅಂದಳು.

ದಿಶಾಳ ವಿಷಯ ಹೇಳಿದೆ. ದಿಂಬಿನ ವಿಷಯ, ಹೋಮ್ ವಿಷಯ, ಬೆಳಿಗ್ಗೆ ಗಂಜಿ ಉಕ್ಕಿದ ವಿಷಯ. ಶಶಿಯಕ್ಕ ಎಲ್ಲ ಕೇಳಿ, "ಗಂಜಿ ಉಂಟಲ್ಲ ಒಲೆ ಮೇಲೆ, ಚೆಲ್ಲಬೇಡ" ಅಂದು ಫೋನ್ ಇಟ್ಟಳು.

ನಾನು ಚೆಲ್ಲಲಿಲ್ಲ. ಮೈದಾ ಕಲಸಿದೆ. ಸೂಟ್‌ಕೇಸಿನ ತಳದಲ್ಲಿ ನಮ್ಮಮ್ಮನ ಹಳೆಯ ನೀಲಿ ಸೀರೆಯೊಂದಿತ್ತು. "ಡ್ರಿಲ್ ಇದೆ, ಮೊಳೆ ಇದೆ, ನಮ್ಮದೇ ಗೋಡೆ, ಇದೇನು ಹೊಸ ಹುಚ್ಚು?" ಎಂದರು ನನ್ನ ಗಂಡ. ಎಂದವರು ಸ್ಟೂಲು ತಂದು ಹಿಡಿದುಕೊಂಡರು. ದಿಶಾ ಅಂಟು ಕಲಕಿದಳು. ಡಬ್ಬಿ ತೆಗೆದು ಎರಡು ಚಮಚ ಅರಿಸಿನ ಹಾಕುವಾಗ ಈ ಸಲ ಎಲ್ಲರಿಗೂ ಹೇಳಿಯೇ ಹಾಕಿದೆ. ಮಂಚದ ಸುತ್ತ ಎರಡು ಗೋಡೆಗೂ ಸೀರೆ ಉಡಿಸಿ, ದಿಂಬಿನ ಹತ್ತಿರ ಒಂದು ಗೇಣು ಸೆರಗು ಬಿಟ್ಟೆವು.

ಕೊನೆಯಲ್ಲಿ ದಿಶಾ ಮಂಚದಿಂದ ಇಳಿಯುವಾಗ ಆಯ ತಪ್ಪಿ, ಸೀರೆ ಮುಗಿದ ಆಚೆ, ಆ ಹನ್ನೊಂದರಲ್ಲಿ ಆರಿಸಿದ ಬಿಳಿಯ ಮೇಲೆ ಅಂಗೈ ಊರಿದಳು. ಐದು ಬೆರಳೂ ಮೂಡಿದ ಹಳದಿ ಕೈ. ನನ್ನ ಕೈ ತಾನಾಗಿಯೇ ಒದ್ದೆ ಬಟ್ಟೆಗೆ ಹೋಯಿತು. ಅವಳು ಅದನ್ನು ನೋಡಿದಳು. ಕಣ್ಣು ದೊಡ್ಡದಾಯಿತು. "ಸಾರಿ ಮಮ್" ಅಂದಳು, ಆಮೇಲೆ ತೀರ ಸಣ್ಣ ದನಿಯಲ್ಲಿ, "ವಿಲ್ ದ ಇನ್‌ಸ್ಪೆಕ್ಷನ್ ಲೇಡಿ ಬಿ ಆಂಗ್ರಿ?"

ಕ್ಲೇಟನ್‌ನಲ್ಲಿ ಹುಟ್ಟಿದಾಗಿನಿಂದ ನಾನೇ ಹೆದರಿಸಿದ್ದು, ಗೋಡೆ ಮುಟ್ಟಬೇಡ, ಲೇಡಿ ಬರ್ತಾಳೆ ಎಂದು. ಅಲ್ಲಿ ಮೂರು ತಿಂಗಳಿಗೊಮ್ಮೆ ಬರುತ್ತಿದ್ದಳು. ಇಲ್ಲಿ ಪ್ರತಿದಿನ ಬಟ್ಟೆ ಹಿಡಿದುಕೊಂಡು ಬರುತ್ತಿದ್ದಾಳೆ. ಆ ಲೇಡಿ ನಾನೇ ಎಂದು ನನಗೆ ಆಗ ಗೊತ್ತಾಯಿತು.

ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. "ಇಲ್ಲ ಪುಟ್ಟಿ, ಅವಳು ಇನ್ನು ಬರಲ್ಲ" ಅಂದೆ. ನನ್ನ ಅಂಗೈಯನ್ನೂ ಅಂಟಿನಲ್ಲಿ ಅದ್ದಿ, ಅವಳ ಕೈ ಗುರುತಿನ ಪಕ್ಕದಲ್ಲೇ ಗಟ್ಟಿಯಾಗಿ ಒತ್ತಿದೆ. ದಿಶಾ ಒಂದು ಕ್ಷಣ ನನ್ನನ್ನು ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಂಜೆ ಊಟವಾಯಿತು. ನಾನು ಬಾಗಿಲ ಕಡೆ ಕಿವಿ ಇಟ್ಟುಕೊಂಡು ಕೂತಿದ್ದೆ. ಏಳೂವರೆಯಾಯಿತು, ಎಂಟಾಯಿತು. ದಿಂಬು ಹಿಡಿದುಕೊಂಡು ಯಾರೂ ಬರಲಿಲ್ಲ. ಇನ್ನು ತಡೆಯಲಾರದೆ ನಾನೇ ನನ್ನ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ದಿಶಾ ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡೇ, ಗೋಡೆಯ ಕಡೆಗೆ ಸರಿದು ನನಗೆ ಜಾಗ ಕೊಟ್ಟಳು.